ಮಣ್ಣಿಲ್ಲದ ಮಡಿಯಲ್ಲಿ ಬ್ಯಾಡಗಿಯ ಸಸಿ

ಒಕ್ಕಲುತನವನ್ನೇ ನಂಬಿ ಬಾಳುವ ನಮ್ಮ ಮನೆತನಗಳಿಗೆ ಮಣ್ಣೆಂದರೆ ತಾಯಿ. ಮಣ್ಣಿಲ್ಲದೆ ಸಸಿ ಬೆಳೆಸಬಹುದೆಂದರೆ ಹಿರಿಯರು ನಕ್ಕಾರು. ಆದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ನರ್ಸರಿಗಳಲ್ಲಿ ಮೆಣಸಿನಕಾಯಿ, ಟೊಮೆಟೊ, ಬದನೆಯ ಸಸಿಗಳು ಇಂದು ತೆಂಗಿನ ನಾರಿನ ಪುಡಿಯಲ್ಲಿಯೇ ಬೇರೂರಿ, ಬಳಿಕ ಹೊಲವನ್ನು ಸೇರುತ್ತಿವೆ. ಈ ಪದ್ಧತಿಯ ಗುಣವೇನು, ಮಿತಿಯೇನು ಎಂಬುದನ್ನು ನಮ್ಮ ಓದುಗ ಕುಟುಂಬಗಳೊಡನೆ ವಿಚಾರಿಸುವುದು ಈ ಲೇಖನದ ಉದ್ದೇಶ.

ಈ ವಿಚಾರ ಹೊಸದಲ್ಲ. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಲಿಯಂ ಗೆರಿಕ್ ಅವರು ಪೋಷಕಾಂಶ ಬೆರೆತ ನೀರಿನಲ್ಲಿಯೇ ಟೊಮೆಟೊ ಬೆಳೆದು ತೋರಿಸಿದರು. ನಮ್ಮ ದೇಶದಲ್ಲಿ 1946ರಲ್ಲಿ ಶೋಲ್ಟೊ ಡಗ್ಲಸ್ ಅವರು ಬಂಗಾಳದ ಕಾಲಿಂಪಾಂಗ್ ಭಾಗದಲ್ಲಿ ಇದೇ ದಾರಿಯ ಪ್ರಯೋಗ ನಡೆಸಿದರು. ಗಿಡಕ್ಕೆ ಬೇಕಾದುದು ನೀರು, ಗಾಳಿ, ಪೋಷಕಾಂಶ ಮತ್ತು ಬೇರಿಗೊಂದು ಆಸರೆ; ಇವನ್ನು ಮಣ್ಣಲ್ಲದೆ ಬೇರೆ ಮಾಧ್ಯಮವೂ ಒದಗಿಸಬಲ್ಲದೆಂಬುದೇ ಇದರ ತಿರುಳು.

ಹಳೆಯ ಮಡಿಯ ತೊಡಕು

ಸುಕ್ಕುಗಟ್ಟಿದ ಸಿಪ್ಪೆ, ಗಾಢ ಕೆಂಪು ಬಣ್ಣ ಹಾಗೂ ಹಿತವಾದ ಖಾರಕ್ಕೆ ಹೆಸರಾದ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಇಂತಹ ಬೆಳೆಯ ಭವಿಷ್ಯ ಮೊದಲ ನಲವತ್ತು ದಿನಗಳಲ್ಲಿಯೇ ಬಹುಮಟ್ಟಿಗೆ ತೀರ್ಮಾನವಾಗುತ್ತದೆ. ಮಣ್ಣಿನ ಸಸಿ ಮಡಿಯಲ್ಲಿ ತೇವ ಹೆಚ್ಚಾದರೆ ಸಸಿ ಸಾಯುವ ರೋಗ ತಗುಲಿ ಎಳೆಯ ಸಸಿಗಳು ಬುಡದಲ್ಲಿ ಕೊಳೆತು ಬೀಳುತ್ತವೆ. ಉಳಿದವನ್ನು ಕಿತ್ತು ನೆಡುವಾಗ ಬೇರು ಹರಿದು ಗಿಡ ಚೇತರಿಸಿಕೊಳ್ಳಲು ದಿನಗಳು ಬೇಕಾಗುತ್ತವೆ. ಸಂಕರಣ ಬೀಜ ದುಬಾರಿಯಾದ ಈ ಕಾಲದಲ್ಲಿ ಒಂದೊಂದು ಸಸಿಯ ಸಾವೂ ಒಕ್ಕಲಿಗನಿಗೆ ನಷ್ಟವೇ. ಬೀಜೋತ್ಪಾದನೆಯೇ ಹಲವು ಕುಟುಂಬಗಳ ಜೀವನೋಪಾಯವಾಗಿರುವ ರಾಣೆಬೆನ್ನೂರು ಭಾಗದಲ್ಲಂತೂ ಈ ಮಾತಿಗೆ ಹೆಚ್ಚಿನ ತೂಕವಿದೆ.

ನಾರಿನ ಪುಡಿಯ ಗುಣ

ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಪುಡಿಯೇ ಕೋಕೋಪೀಟ್. ಇದು ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಟ್ಟುಕೊಂಡರೂ ಬೇರಿಗೆ ಗಾಳಿಯ ಕೊರತೆ ಮಾಡದು. ಆದರೆ ಹಸಿ ಪುಡಿಯನ್ನು ಹಾಗೆಯೇ ಬಳಸಲಾಗದು. ಅದರಲ್ಲಿ ಉಪ್ಪಿನ ಅಂಶವಿರುವುದರಿಂದ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಸುಲಭವಾಗಿ ಕಳಿಯದ ಪದಾರ್ಥವಾದುದರಿಂದ ಸೂಕ್ಷ್ಮಜೀವಿಗಳ ನೆರವಿನಿಂದ ಹದಗೊಳಿಸಬೇಕು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ಹೀಗೆ ಹದಗೊಳಿಸಿದ ಪುಡಿಯನ್ನು 'ಅರ್ಕಾ' ಹೆಸರಿನಲ್ಲಿ ರೂಪಿಸಿದೆ.

ಮೆಣಸಿನಕಾಯಿಗೆ 98 ಗುಣಿಗಳ ಪ್ರೋ ಟ್ರೇ ಅನುಕೂಲ. ತೇವಗೊಂಡ ಪುಡಿಯನ್ನು ಗುಣಿಗಳಲ್ಲಿ ತುಂಬಿ, ಗುಣಿಗೊಂದರಂತೆ ಬೀಜವನ್ನು ಅರ್ಧ ಸೆಂಟಿಮೀಟರ್ ಆಳಕ್ಕೆ ಊರಿ, ಟ್ರೇಗಳನ್ನು ಒಂದರ ಮೇಲೊಂದಿಟ್ಟು ಪ್ಲಾಸ್ಟಿಕ್ ಹಾಳೆ ಹೊದಿಸಬೇಕು. ಮೊಳಕೆ ಕಂಡೊಡನೆ ಹಾಳೆ ತೆಗೆದು ಟ್ರೇಗಳನ್ನು ನೆರಳು ಪರದೆಯ ಮನೆಯಲ್ಲಿ ಹರಡಬೇಕು. ತಡವಾದರೆ ಸಸಿ ಬಿಳಿಚಿ ಉದ್ದವಾಗುತ್ತದೆ. ಪುಡಿಯಲ್ಲಿ ಆಹಾರಾಂಶ ಕಡಿಮೆಯಿರುವುದರಿಂದ ನೀರಿನಲ್ಲಿ ಕರಗುವ ಗೊಬ್ಬರವನ್ನು ತೆಳುವಾಗಿ ಕೊಡುವುದು ಅಗತ್ಯ. ಸುಮಾರು 35ರಿಂದ 40 ದಿನಗಳಲ್ಲಿ ಸಸಿ ಸಿದ್ಧವಾಗುತ್ತದೆ. ನೆಡುವ ಮುನ್ನ ಕೆಲದಿನ ನೀರು ಕಡಿಮೆ ಮಾಡಿ, ಬಿಸಿಲಿಗೆ ಒಗ್ಗಿಸಬೇಕು. ಬೇರಿನ ಗಡ್ಡೆ ಒಡೆಯದೆ ಬರುವುದರಿಂದ ಗಿಡ ಬೇಗ ನೆಲೆಯೂರುತ್ತದೆ. ಆದರೆ ಥ್ರಿಪ್ಸ್ ಮತ್ತು ಮೈಟ್ ನುಸಿಗಳಿಂದ ಹೊಲದಲ್ಲಿ ಬರುವ ಮುಟುರು ರೋಗಕ್ಕೆ ಟ್ರೇ ಮದ್ದಲ್ಲ. ಅದರ ಎಚ್ಚರ ಪ್ರತ್ಯೇಕ.

ಸ್ಟ್ರಾಬೆರಿಯ ಆಸೆ

ಮಣ್ಣಿಲ್ಲದ ಬೇಸಾಯವೆಂದರೆ ಸೊಂಟದೆತ್ತರದ ತೊಟ್ಟಿಗಳಲ್ಲಿ ತೂಗುವ ಸ್ಟ್ರಾಬೆರಿ ಹಣ್ಣಿನ ಚಿತ್ರ ಇಂದಿನ ತರುಣರ ಕಣ್ಣಿಗೆ ಕಟ್ಟುತ್ತದೆ. ಹಣ್ಣು ಮಣ್ಣಿಗೆ ತಾಗದು, ಕೊಯ್ಲು ಸುಲಭ, ಮಣ್ಣಿನ ರೋಗ ಕಡಿಮೆ ಎಂಬುದು ನಿಜ. ಆದರೆ ಈ ಬೆಳೆ ತಂಪನ್ನು ಬೇಡುತ್ತದೆ. ನಮ್ಮ ದೇಶದಲ್ಲಿ ಇದಕ್ಕೆ ಹೆಸರಾದ ಮಹಾಬಲೇಶ್ವರ ಸಮುದ್ರಮಟ್ಟದಿಂದ 1,300 ಮೀಟರಿಗೂ ಎತ್ತರದಲ್ಲಿದೆ. ಹಾವೇರಿಯ ಎತ್ತರ ಅದರ ಅರ್ಧಕ್ಕಿಂತ ಕಡಿಮೆ. ಮೇಲಾಗಿ ಸ್ಟ್ರಾಬೆರಿ ಉಪ್ಪುನೀರನ್ನು ತಾಳದು; ಕೊಳವೆಬಾವಿಯ ಗಡಸು ನೀರು ತೊಟ್ಟಿಯ ಪುಡಿಯಲ್ಲಿ ಉಪ್ಪನ್ನು ಕೂಡಿಸುತ್ತದೆ. ಚಳಿಗಾಲದಲ್ಲಿ ಮನೆಮಟ್ಟಿಗೆ ಕೆಲವು ಕುಂಡಗಳಲ್ಲಿ ಬೆಳೆದು ನೋಡಬಹುದೇ ಹೊರತು, ಸಾಲ ಮಾಡಿ ಹಸಿರುಮನೆ ಕಟ್ಟುವುದು ದುಡುಕಾದೀತು.

ಸಾಲದ ಮಾತನ್ನು ಒತ್ತಿ ಹೇಳಲು ಕಾರಣವಿದೆ. 2024ರ ಮಾರ್ಚ್ 11ರಂದು ಮೆಣಸಿನಕಾಯಿಯ ಬೆಲೆ ಕುಸಿದು, ಬ್ಯಾಡಗಿ ಮಾರುಕಟ್ಟೆಯಲ್ಲಿ ರೈತರ ಸಿಟ್ಟು ಭುಗಿಲೆದ್ದು, ವಾಹನಗಳು ಬೆಂಕಿಗೆ ಆಹುತಿಯಾದುದನ್ನು ನಾಡೇ ಕಂಡಿತು. ಬೆಲೆ ನಮ್ಮ ಕೈಯಲ್ಲಿಲ್ಲ. ಖರ್ಚು ಮಾತ್ರ ಒಂದಿಷ್ಟಾದರೂ ನಮ್ಮ ಕೈಯಲ್ಲಿದೆ. ಬೀಜ ಉಳಿಸುವ, ಸಸಿ ಕಾಯುವ ಪದ್ಧತಿ ಬಡ ಒಕ್ಕಲಿಗನಿಗೆ ಆಸರೆಯಾದೀತು. ಸಾಲದ ಹೊರೆ ಹೊರಿಸುವ ಆಡಂಬರ ಆಗಲಾರದು.

ಆದ್ದರಿಂದ ಆಸಕ್ತರು ಮೊದಲು ತಮ್ಮ ಬಾವಿಯ ನೀರನ್ನು ಪರೀಕ್ಷೆ ಮಾಡಿಸಿ, ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಲಹೆ ಪಡೆದು, ಹತ್ತಾರು ಟ್ರೇಗಳಿಂದ ಆರಂಭಿಸಲೆಂಬುದು ನಮ್ಮ ವಿನಂತಿ. ಮನೆಯ ಹೆಣ್ಣುಮಕ್ಕಳೂ ಹಿರಿಯರೂ ನೆರಳಿನಲ್ಲಿಯೇ ಕೂಡಿ ಮಾಡಬಹುದಾದ ಕಾಯಕವಿದು. ಮಣ್ಣಿಲ್ಲದ ಮಡಿಯಲ್ಲಿ ಹುಟ್ಟಿದ ಸಸಿಯೂ ಕೊನೆಗೆ ಎರೆ ಹೊಲಕ್ಕೇ ಬರಬೇಕು. ಆ ಹೊಲಕ್ಕೆ ಕೊಟ್ಟಿಗೆ ಗೊಬ್ಬರ ಹಾಕಿ ಹದವಾಗಿಡುವ ಹಿರಿಯರ ರೂಢಿಯನ್ನು ನಾವು ಮರೆಯದಿರೋಣ.