ಉಪ್ಪಿನ ಬಯಲಿನ ಹಳೇ ಬೈಕುಗಳು: ಕಲ್ಪನೆ ಬೇರೆ, ವಾಸ್ತವ ಬೇರೆ

ಅಮೆರಿಕದ ಯೂಟಾ ರಾಜ್ಯದಲ್ಲಿ ಬಾನವಿಲ್ ಎಂಬ ಉಪ್ಪಿನ ಬಯಲಿದೆ. ಹಿಂದೆ ಮಹಾಸರೋವರವಾಗಿದ್ದು ಒಣಗಿದ ಜಾಗ. ಹಳೇ ಮೋಟಾರ್‌ಸೈಕಲ್‌ಗಳನ್ನು ಅಲ್ಲಿ ವೇಗದ ದಾಖಲೆಗಾಗಿ ಓಡಿಸುತ್ತಾರೆಂಬುದು ನಮ್ಮಲ್ಲಿ ಹಲವರಿಗೆ ಗೊತ್ತಾದದ್ದು 2005ರ ‘ದಿ ವರ್ಲ್ಡ್ಸ್ ಫಾಸ್ಟೆಸ್ಟ್ ಇಂಡಿಯನ್’ ಸಿನಿಮಾದಿಂದ. ನ್ಯೂಜಿಲೆಂಡಿನ ಬರ್ಟ್ ಮನ್ರೋ ಪಾತ್ರದಲ್ಲಿ ಆಂಥನಿ ಹಾಪ್ಕಿನ್ಸ್ ನಟಿಸಿದ ಆ ಚಿತ್ರ ನನಗೂ ತುಂಬಾ ಇಷ್ಟ. ಆದರೆ ಅದು ಬಿಟ್ಟುಹೋದ ಕೆಲವು ತಪ್ಪು ತಿಳಿವಳಿಕೆಗಳನ್ನು ಸರಿಪಡಿಸಲೇಬೇಕು. ನಿಜ ಸಂಗತಿ ಸಿನಿಮಾಕ್ಕಿಂತ ಕಷ್ಟದ್ದು, ಹಾಗಾಗಿಯೇ ಹೆಚ್ಚು ಗೌರವಕ್ಕೆ ಅರ್ಹ.

ತಪ್ಪು ಕಲ್ಪನೆ: ಮನ್ರೋ ಮೊದಲ ಸಲ ಹೋದಾಗಲೇ ಗಂಟೆಗೆ 200 ಮೈಲಿ ದಾಟಿ ದಾಖಲೆ ಮಾಡಿದರು.

ವಾಸ್ತವ: 1962ರಲ್ಲಿ ಅವರು 883 ಸಿ.ಸಿ. ವರ್ಗದಲ್ಲಿ ಗಂಟೆಗೆ ಸುಮಾರು 288 ಕಿ.ಮೀ. ವೇಗದ ದಾಖಲೆ ಮಾಡಿದರು. 1966ರಲ್ಲಿ 1000 ಸಿ.ಸಿ. ವರ್ಗದಲ್ಲಿ ಸಿಕ್ಕಿದ್ದು ಸುಮಾರು 270 ಕಿ.ಮೀ. ಅಂದರೆ ನಾಲ್ಕು ವರ್ಷ ಕಳೆದು, ಎಂಜಿನ್ ದೊಡ್ಡದಾದ ಮೇಲೆ ವೇಗ ಇಳಿದಿತ್ತು! ಅದೇ ವರ್ಗದಲ್ಲಿ 183.586 ಮೈಲಿ, ಅಂದರೆ ಸುಮಾರು 295 ಕಿ.ಮೀ. ದಾಖಲೆ ಬಂದದ್ದು 1967ರಲ್ಲಿ. ಆಗ ಅವರಿಗೆ 68 ವರ್ಷ. ಅರ್ಹತಾ ಓಟವೊಂದರಲ್ಲಿ 190.07 ಮೈಲಿ ಮುಟ್ಟಿದ್ದರೂ ದಾಖಲೆಗೆ ಲೆಕ್ಕ ಸರಾಸರಿಯದ್ದು. ಆ ಸರಾಸರಿಯನ್ನು ಕೂಡಿ ಭಾಗಿಸುವಾಗಲೇ ತಪ್ಪಾಗಿತ್ತು ಎಂಬುದನ್ನು ಎಷ್ಟೋ ವರ್ಷಗಳ ನಂತರ ಅವರ ಮಗ ಗಮನಿಸಿದರು. 2014ರಲ್ಲಿ ಅಮೆರಿಕನ್ ಮೋಟಾರ್‌ಸೈಕ್ಲಿಸ್ಟ್ ಅಸೋಸಿಯೇಷನ್ ಅಂಕಿಯನ್ನು 184.087 ಮೈಲಿ ಎಂದು ತಿದ್ದಿತು. ಮನ್ರೋ ತೀರಿಕೊಂಡು ಆಗಲೇ 36 ವರ್ಷವಾಗಿತ್ತು. ಅರ್ಧ ಮೈಲಿಯ ವ್ಯತ್ಯಾಸ ಅಷ್ಟೇ, ಆದರೂ ಅದಕ್ಕೆ ಬೆಲೆ ಕೊಟ್ಟರಲ್ಲ, ಈ ಕ್ರೀಡೆಯ ನಿಯತ್ತು ಅದರಲ್ಲಿದೆ.

ತಪ್ಪು ಕಲ್ಪನೆ: ವಿಂಟೇಜ್ ಬೈಕ್ ಅಂದಮೇಲೆ ಕಂಪನಿ ಕೊಟ್ಟ ಸ್ಥಿತಿಯಲ್ಲೇ ಓಡಿಸುತ್ತಾರೆ.

ವಾಸ್ತವ: ಈ ವರ್ಗದಲ್ಲಿ ಮುಖ್ಯವಾಗಿ ನೋಡುವುದು ಎಂಜಿನ್ನಿನ ವಯಸ್ಸು. ಅದರೊಳಗೆ ಮಾಲೀಕ ಮಾಡುವ ಕೈಗೆಲಸಕ್ಕೆ ಸಾಕಷ್ಟು ಅವಕಾಶವಿದೆ. ಮನ್ರೋ 1920ರಲ್ಲಿ ಇನ್ವರ್‌ಕಾರ್ಗಿಲ್ ಊರಿನಲ್ಲಿ ಕೊಂಡ ಇಂಡಿಯನ್ ಸ್ಕೌಟ್ 600 ಸಿ.ಸಿ.ಯದು, ಗಂಟೆಗೆ 88 ಕಿ.ಮೀ. ಹೋದರೆ ಹೆಚ್ಚು. ಅದೇ ಎಂಜಿನ್ ಕೊನೆಗೆ ಸುಮಾರು 950 ಸಿ.ಸಿ. ಆಯಿತು. ಪಿಸ್ಟನ್‌ಗಳನ್ನು ಹಳೇ ತಗಡಿನ ಡಬ್ಬಿಗಳಲ್ಲಿ ತಾವೇ ಎರಕ ಹೊಯ್ದರು. ಸಿಲಿಂಡರಿಗೆ ಬಳಸಿದ್ದು ಹಳೇ ಬೀಡುಕಬ್ಬಿಣದ ಪೈಪು. ಕನೆಕ್ಟಿಂಗ್ ರಾಡ್‌ಗಳನ್ನು ಕ್ಯಾಟರ್‌ಪಿಲ್ಲರ್ ಟ್ರ್ಯಾಕ್ಟರಿನ ಆಕ್ಸಲ್‌ನಿಂದ ಕೆತ್ತಿದರು. ಮೈಕ್ರೋಮೀಟರ್ ಬದಲು ಚಕ್ರದ ಹಳೇ ಕಡ್ಡಿ! ಒಡೆದುಹೋದ, ಕರಗಿಹೋದ ಭಾಗಗಳನ್ನು ಬಿಸಾಡದೆ ಶೆಡ್ಡಿನ ಶೆಲ್ಫಿನಲ್ಲಿ ಸಾಲಾಗಿ ಜೋಡಿಸಿ, ವೇಗದ ದೇವರಿಗೆ ನೈವೇದ್ಯ ಎಂದು ಬರೆದಿಟ್ಟಿದ್ದರು. ಆ ಶೆಲ್ಫು ನೋಡಿದವರು ಅವರ ದಾಖಲೆ ಬರೀ ಅದೃಷ್ಟದಿಂದ ಬಂತು ಎನ್ನಲಾರರು.

ತಪ್ಪು ಕಲ್ಪನೆ: ಉಪ್ಪಿನ ನೆಲ ಸಿಮೆಂಟಿನಷ್ಟು ಗಟ್ಟಿ, ನೇರ ದಾರಿ, ಆಕ್ಸಿಲರೇಟರ್ ತಿರುವಿ ಹಿಡಿದರೆ ಆಯಿತು.

ವಾಸ್ತವ: ಮೇಲೆ ಗಟ್ಟಿಯಾಗಿ ಕಂಡರೂ ಉಪ್ಪಿನ ಪದರದೊಳಗೆ ತೇವ ಇರುತ್ತದೆ. ಟೈರಿಗೆ ಟಾರು ರಸ್ತೆಯ ಹಿಡಿತ ಸಿಗುವುದಿಲ್ಲ. ಜಾಸ್ತಿ ಶಕ್ತಿ ಕೊಟ್ಟರೆ ಹಿಂಚಕ್ರ ಸುಮ್ಮನೆ ತಿರುಗುತ್ತದೆ, ಬೈಕ್ ಅಷ್ಟು ಮುಂದೆ ಹೋಗುವುದಿಲ್ಲ. ಜಾಗ ಸಮುದ್ರಮಟ್ಟದಿಂದ ಸುಮಾರು 1,285 ಮೀಟರ್ ಎತ್ತರದಲ್ಲಿದೆ, ಓಟ ನಡೆಯುವುದು ಆಗಸ್ಟ್ ಬಿಸಿಲಿನಲ್ಲಿ. ಗಾಳಿ ತೆಳುವಾದ್ದರಿಂದ ಕಾರ್ಬುರೇಟರ್ ಎಂಜಿನ್ ಸೊರಗುತ್ತದೆ. ಊರಿನಲ್ಲಿ ಸರಿಯಾಗಿದ್ದ ಮೇನ್ ಜೆಟ್ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ತೂತಿನ ಭಾಗ) ಇಲ್ಲಿ ಹೆಚ್ಚು ಪೆಟ್ರೋಲ್ ಕೊಡುತ್ತದೆ, ಚಿಕ್ಕದನ್ನು ಹಾಕಬೇಕು. ಎಷ್ಟು ಚಿಕ್ಕದು ಎಂದು ತಿಳಿಯುವ ಹಳೇ ಉಪಾಯ ಇದು: ಪೂರ್ತಿ ವೇಗದಲ್ಲಿರುವಾಗಲೇ ಇಗ್ನಿಷನ್ ಕಟ್ ಮಾಡಿ, ಕ್ಲಚ್ ಹಿಡಿದು ಗಾಡಿಯನ್ನು ಉರುಳಲು ಬಿಟ್ಟು, ನಿಂತ ಕೂಡಲೇ ಸ್ಪಾರ್ಕ್ ಪ್ಲಗ್ ಬಿಚ್ಚಿ ಬಣ್ಣ ನೋಡುವುದು. ಮಸಿ ಕಟ್ಟಿದ್ದರೆ ಪೆಟ್ರೋಲ್ ಜಾಸ್ತಿ. ಬೆಳ್ಳಗೆ ಸುಟ್ಟಂತಿದ್ದರೆ ಕಡಿಮೆ, ಪಿಸ್ಟನ್‌ಗೆ ಅಪಾಯ.

ತೂಗಾಟದ ಭಯ ಬೇರೆ. 1967ರ ಓಟವೊಂದರಲ್ಲಿ ಮನ್ರೋ ಅವರ ಬೈಕ್ ಅರ್ಧ ದಾರಿ ದಾಟಿದ ಮೇಲೆ ಓಲಾಡತೊಡಗಿತು. ವೇಗ ಇಳಿಸಲು ಅವರು ಎದ್ದು ಕುಳಿತರು. ಗಾಳಿ ಕನ್ನಡಕವನ್ನು ಕಿತ್ತೊಯ್ದಿತು, ಕಣ್ಣೇ ಕಾಣದಾಯಿತು. ದಾರಿ ತಪ್ಪಿ, ನೆಟ್ಟಿದ್ದ ಉಕ್ಕಿನ ಗೂಟಕ್ಕೆ ಕೂದಲೆಳೆಯಷ್ಟರಲ್ಲಿ ತಪ್ಪಿಸಿಕೊಂಡು, ಕೊನೆಗೆ ಬೈಕನ್ನು ನೆಲಕ್ಕೆ ಮಲಗಿಸಿದರು. ತರಚು ಗಾಯಗಳಲ್ಲಿ ಪಾರಾದರು.

ತಪ್ಪು ಕಲ್ಪನೆ: ಒಂದು ಸಲ ಜೋರಾಗಿ ಓಡಿದರೆ ದಾಖಲೆ.

ವಾಸ್ತವ: ಬಾನವಿಲ್ಲಿನಲ್ಲಿ ನಡೆಯುವ ವೇಗದ ಓಟಗಳ ವಾರವಾದ ಸ್ಪೀಡ್ ವೀಕ್‌ನಲ್ಲಿ ಹಳೇ ದಾಖಲೆ ಮೀರಿದ ಬೈಕ್ ನೇರ ಇಂಪೌಂಡ್‌ಗೆ, ಅಂದರೆ ಅಧಿಕಾರಿಗಳ ಕಾವಲಿನ ಜಾಗಕ್ಕೆ ಹೋಗುತ್ತದೆ. ಅಲ್ಲಿ ಕೆಲಸ ಮಾಡಲು ಸಿಗುವುದು ಸೀಮಿತ ಸಮಯ. ಮರುದಿನ ಬೆಳಿಗ್ಗೆ ಇನ್ನೊಮ್ಮೆ ಓಡಬೇಕು, ಎರಡರ ಸರಾಸರಿ ಹಳೆಯದನ್ನು ಮೀರಬೇಕು. ಅಂತಾರಾಷ್ಟ್ರೀಯ ದಾಖಲೆಗೆ ಎರಡು ಓಟಗಳೂ ಎದುರುಬದುರು ದಿಕ್ಕಿನಲ್ಲಿ ಆಗಬೇಕು, ಬೆನ್ನಿಗೆ ಬೀಸಿದ ಗಾಳಿಯ ಲಾಭ ಸಿಗಬಾರದೆಂದು. ಕ್ಯಾಲಿಫೋರ್ನಿಯಾದ ಎಲ್ ಮಿರಾಜ್‌ನಲ್ಲಿ ಮಾತ್ರ ಒಂದೇ ಓಟದ ಲೆಕ್ಕ. ಅದು ಉಪ್ಪಲ್ಲ, ಜೇಡಿಮಣ್ಣಿನ ಒಣ ಕೆರೆ.

ತಪ್ಪು ಕಲ್ಪನೆ: ಈಜುಡುಗೆಯಲ್ಲಿ ಬೈಕಿನ ಮೇಲೆ ಬೋರಲಾಗಿ ಮಲಗಿರುವವರ ಆ ಪ್ರಸಿದ್ಧ ಫೋಟೊ ಪ್ರಚಾರದ ಗಿಮಿಕ್.

ವಾಸ್ತವ: ಫೋಟೊದಲ್ಲಿರುವುದು ರೋಲಿ ಫ್ರೀ ಎಂಬ ಸವಾರ. 1948ರ ಸೆಪ್ಟೆಂಬರ್ 13ರಂದು ಅವರು ಬಾನವಿಲ್ಲಿನಲ್ಲಿ ವಿನ್ಸೆಂಟ್ ಬೈಕಿನಲ್ಲಿ 150.313 ಮೈಲಿ, ಅಂದರೆ ಸುಮಾರು 242 ಕಿ.ಮೀ. ವೇಗ ಮುಟ್ಟಿದ್ದು ಹಾಗೆ ಮಲಗಿಯೇ. ಹಿಂದಿನ ಓಟದಲ್ಲಿ ಗುರಿ ಸ್ವಲ್ಪದರಲ್ಲೇ ತಪ್ಪಿತ್ತು, ಚರ್ಮದ ಉಡುಪು ಗಾಳಿಗೆ ಹರಿದುಹೋಗಿತ್ತು. ಆದ್ದರಿಂದ ಅದನ್ನೇ ಕಳಚಿಟ್ಟರು. ವೇಗ ಇಮ್ಮಡಿಯಾಗಬೇಕಾದರೆ ಗಾಳಿಯನ್ನು ಸೀಳಲಿಕ್ಕೇ ಎಂಟು ಪಟ್ಟು ಶಕ್ತಿ ಬೇಕು. ಬಟ್ಟೆಯ ಪಟಪಟವೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಈಗ ಹಾಗೆ ಬಿಡುವುದಿಲ್ಲ. ಲೆದರ್ ಸೂಟ್, ಹೆಲ್ಮೆಟ್ ಕಡ್ಡಾಯ, ಸವಾರ ಬಿದ್ದರೆ ಎಂಜಿನ್ ತಾನಾಗಿ ನಿಲ್ಲುವಂತೆ ಕೈಗೆ ಕಟ್ಟಿಕೊಳ್ಳುವ ಸ್ವಿಚ್ಚೂ ಬೇಕು.

ತಪ್ಪು ಕಲ್ಪನೆ: ಬಯಲಂತೂ ಎಲ್ಲಿಗೂ ಹೋಗುವುದಿಲ್ಲ, ಯಾವಾಗ ಬೇಕಾದರೂ ಓಡಬಹುದು.

ವಾಸ್ತವ: ಚಳಿಗಾಲದಲ್ಲಿ ನೀರು ನಿಂತು, ಬೇಸಿಗೆಯಲ್ಲಿ ಆವಿಯಾಗಿ, ಪ್ರತಿ ವರ್ಷ ಹೊಸದಾಗಿ ಸಮತಟ್ಟಾಗುವ ನೆಲ ಅದು. ಸುತ್ತಲಿನ ಪೊಟ್ಯಾಶ್ ಗಣಿಗಾರಿಕೆ ಕಾಲುವೆ ತೋಡಿ ದಶಕಗಳಿಂದ ಉಪ್ಪುನೀರು ಎಳೆದಿದೆ. ಪದರ ತೆಳುವಾಗಿದೆ, ಟ್ರ್ಯಾಕ್ ಮೊದಲಿನಷ್ಟು ಉದ್ದ ಸಿಗುತ್ತಿಲ್ಲ. ಮಳೆ, ಕೆಸರು ಮತ್ತು ಉಪ್ಪಿನ ಕೊರತೆಯಿಂದ 2014ರಲ್ಲಿ, ಮತ್ತೆ 2015ರಲ್ಲಿ ಸ್ಪೀಡ್ ವೀಕ್ ರದ್ದಾಯಿತು. ಪೊಟ್ಯಾಶ್ ತೆಗೆದ ಮೇಲೆ ಉಳಿಯುವ ಉಪ್ಪುನೀರನ್ನು ಚಳಿಗಾಲದಲ್ಲಿ ಬಯಲಿಗೇ ಮರಳಿ ಪಂಪ್ ಮಾಡುವ ಪ್ರಯತ್ನ 1997ರಲ್ಲಿ ಶುರುವಾಯಿತು. ಅದನ್ನು ಇನ್ನೂ ದೊಡ್ಡ ಪ್ರಮಾಣದಲ್ಲಿ ಮಾಡಬೇಕೆಂದು ಓಟಗಾರರು ಕೇಳುತ್ತಲೇ ಬಂದಿದ್ದಾರೆ. ಅವರ ಬೇಡಿಕೆ ನ್ಯಾಯವಾದದ್ದು, ಬೇಗ ಈಡೇರಬೇಕಾದದ್ದು.