ಗೂಡಂಗಡಿಯೊಳಗಿನ ಸಂಗ್ರಹಾಲಯ

ಘಾನಾ ದೇಶವು 1957ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಸ್ವತಂತ್ರವಾದಾಗ, ಆ ಮಹೋತ್ಸವದ ಅಂಗವಾಗಿಯೇ ರಾಜಧಾನಿ ಆಕ್ರಾದಲ್ಲಿ ರಾಷ್ಟ್ರೀಯ ವಸ್ತುಸಂಗ್ರಹಾಲಯವೂ ತೆರೆಯಿತು. ಆದರೆ ಯಾರ ಕೈಗಳು ಪೀಠಗಳನ್ನು ಕೆತ್ತಿದುವೋ, ವಸ್ತ್ರಗಳನ್ನು ನೆಯ್ದುವೋ ಆ ಗ್ರಾಮವಾಸಿಗಳಲ್ಲಿ ಬಹುಮಂದಿಗೆ ಅಂತಹ ಸೌಧಗಳ ಮೆಟ್ಟಿಲು ದೂರವಾಗಿಯೇ ಉಳಿಯಿತು. ಈ ಅಂತರವನ್ನು ನೀಗಲು ಹೊರಟವರಲ್ಲಿ ಲೇಖಕಿಯೂ ಕಲೇತಿಹಾಸಜ್ಞೆಯೂ ಆದ ನಾನಾ ಒಫೊರಿಯಾಟ್ಟಾ ಐಮ್ ಒಬ್ಬರು. ಆಕ್ರಾದ ಬೀದಿಬೀದಿಗಳಲ್ಲಿ ಸಾಬೂನು ಮಾರುವುದಕ್ಕೂ ಕ್ಷೌರ ಮಾಡುವುದಕ್ಕೂ ಒದಗುವ ಸಾಮಾನ್ಯ ಗೂಡಂಗಡಿಯನ್ನೇ ಅವರು ಸಂಚಾರಿ ಸಂಗ್ರಹಾಲಯವನ್ನಾಗಿ ಮಾರ್ಪಡಿಸಿ, ದೇಶದ ವಿವಿಧ ಪ್ರಾಂತಗಳಿಗೆ ಕೊಂಡೊಯ್ದರು.

ಹಳ್ಳಿಗೆ ಕಲೆಯನ್ನು ಒಯ್ಯುವುದೆಂದರೆ ಕತ್ತಲೆಗೆ ದೀಪವನ್ನು ಒಯ್ದಂತೆಂದು ಭಾವಿಸುವ ಸಜ್ಜನರು ಎಲ್ಲೆಡೆಯೂ ಇದ್ದಾರೆ. ಅವರು ಒಮ್ಮೆ ಘಾನಾದ ಉತ್ತರ ಭಾಗದ ಸಿರಿಗು ಗ್ರಾಮವನ್ನು ನೋಡತಕ್ಕದ್ದು. ಅಲ್ಲಿ ಪುರುಷರು ಕಟ್ಟಿದ ಮಣ್ಣಿನ ಗೋಡೆಗಳ ಮೇಲೆ ಸ್ತ್ರೀಯರು ಕೆಂಪು, ಕಪ್ಪು, ಬಿಳುಪುಗಳಲ್ಲಿ ರೇಖಾವಿನ್ಯಾಸಗಳನ್ನು ಬರೆದು, ಒಂದು ಮರದ ಕಾಯಿಸಿಪ್ಪೆಯನ್ನು ಕುದಿಸಿ ತೆಗೆದ ರಸವನ್ನು ಬಳಿದು ಆ ವರ್ಣಗಳನ್ನು ಸ್ಥಿರಗೊಳಿಸುತ್ತಾರೆ. ದಕ್ಷಿಣಕ್ಕೆ ಬಂದರೆ, ಬೊನ್ವಿರೆಯ ನೇಕಾರರು ಅಂಗೈಯಗಲದ ಕಿರಿದಾದ ಪಟ್ಟಿಗಳನ್ನು ನೆಯ್ದು, ಅವನ್ನು ಒಂದಕ್ಕೊಂದು ಹೊಲಿದು ಕೆಂಟೆಯೆಂಬ ರಾಜಯೋಗ್ಯ ವಸ್ತ್ರವನ್ನು ಸಿದ್ಧಪಡಿಸುತ್ತಾರೆ. ಅಕಾನ್ ಜನರ ಅರಸನ ಪರವಾಗಿ ನುಡಿಯುವ ವಕ್ತಾರನ ದಂಡದ ತುದಿಯಲ್ಲಿ ಮೊಟ್ಟೆ ಹಿಡಿದ ಕೈಯನ್ನು ಕೆತ್ತುವುದುಂಟು: ಬಿಗಿಹಿಡಿದರೆ ಒಡೆಯುವ, ಸಡಿಲಿಸಿದರೆ ಬೀಳುವ ಅಧಿಕಾರದ ಸ್ವರೂಪವನ್ನು ಸಭೆಯೆಲ್ಲ ಅದನ್ನು ಕಂಡೊಡನೆ ಗ್ರಹಿಸುತ್ತದೆ. ಇವುಗಳ ಕೆಳಗೆ ನಾಮಫಲಕವಿಲ್ಲ, ನಿಜ. ಆದರೆ ಇವುಗಳ ಅರ್ಥವನ್ನು ಬಲ್ಲ ಜನರು ಸುತ್ತಲೂ ಇದ್ದಾರೆ, ಗಾಜಿನ ಪೆಟ್ಟಿಗೆಗೆ ಇಲ್ಲದ ಭಾಗ್ಯವಿದು.

ಆದುದರಿಂದಲೇ ಗೂಡಂಗಡಿಯ ಪ್ರಯೋಗದಲ್ಲಿ ನನಗೆ ಶ್ರೇಷ್ಠವಾಗಿ ತೋರುವುದು ಅದರ ಸಂಚಾರವಲ್ಲ, ಅದರ ವಿನಯ. ನಗರದಲ್ಲಿ ಆರಿಸಿದ ಚಿತ್ರಗಳನ್ನು ತೂಗುಹಾಕಿ, ಭಾಷಣ ಮಾಡಿ, ಸಂಜೆಯೊಳಗೆ ಹಿಂದಿರುಗುವುದು ಸುಲಭ. ಸಂಗ್ರಹಾಲಯವೆಂಬುದು ಹೇಗಿರಬೇಕೆಂದು ಊರವರನ್ನೇ ಕೇಳಿ, ಅವರ ನಿತ್ಯೋಪಯೋಗದ ವಸ್ತುಗಳಿಗೂ ಅವುಗಳ ಕಥೆಗಳಿಗೂ ಸ್ಥಾನ ಕೊಡುವುದು ಕಠಿನವಾದ ಕಾರ್ಯ. ಅಲ್ಲಿ ಪ್ರದರ್ಶಕನು ಶಿಷ್ಯನಾಗಬೇಕಾಗುತ್ತದೆ. 2019ರಲ್ಲಿ ವೆನಿಸ್‌ನ ದ್ವೈವಾರ್ಷಿಕ ಕಲಾಮೇಳದಲ್ಲಿ ಘಾನಾ ಪ್ರಥಮ ಬಾರಿಗೆ ತನ್ನ ಮಂಟಪವನ್ನು ತೆರೆದಾಗ ಅದನ್ನು ಸಂಯೋಜಿಸಿದವರೂ ಐಮ್ ಅವರೇ. ವಾಸ್ತುಶಿಲ್ಪಿ ಡೇವಿಡ್ ಅಜಾಯೆ ಆ ಮಂಟಪದ ಬಾಗಿದ ಗೋಡೆಗಳಿಗೆ ಆದರ್ಶವಾಗಿಟ್ಟುಕೊಂಡುದು ಉತ್ತರ ಭಾಗದ ಗುರುನ್ಸಿ ಜನರ ಮಣ್ಣಿನ ಮನೆಗಳನ್ನು. ಹಳ್ಳಿಯ ಗೋಡೆ ಯುರೋಪಿಗೆ ಹೋಗಬಹುದಾದರೆ, ಹಳ್ಳಿಯವರಿಗೆ ಕಲೆಯೆಂದರೇನೆಂದು ಉಪದೇಶಿಸುವ ಅಗತ್ಯ ಯಾರಿಗಿದೆ?

ಕೇಳದೆಯೇ ಒಯ್ದುದರ ಫಲವನ್ನೂ ಘಾನಾ ಕಂಡಿದೆ. 1874ರಲ್ಲಿ ಬ್ರಿಟಿಷ್ ಸೇನೆಯು ಆಸಾಂಟೆ ರಾಜ್ಯದ ರಾಜಧಾನಿಯಾದ ಕುಮಾಸಿಯನ್ನು ಸುಟ್ಟು, ಅರಮನೆಯ ಸುವರ್ಣಾಭರಣಗಳನ್ನು ಕೊಳ್ಳೆಹೊಡೆಯಿತು. ಲಂಡನ್ನಿನ ಎರಡು ಮಹಾಸಂಗ್ರಹಾಲಯಗಳಿಂದ ಆಸಾಂಟೆ ರಾಜವೈಭವದ 32 ವಸ್ತುಗಳು 2024ರಲ್ಲಿ ಕುಮಾಸಿಯ ಮಾನ್ಹಿಯಾ ಅರಮನೆಗೆ ಬಂದುವು. ಆದರೆ ಬ್ರಿಟನ್ನಿನ ಕಾನೂನು ಅವುಗಳ ಶಾಶ್ವತ ಪ್ರತ್ಯರ್ಪಣಕ್ಕೆ ಎಡೆಗೊಡದುದರಿಂದ, ಅವು ಬಂದುದು ಮೂರು ವರ್ಷಗಳ ಎರವಲಾಗಿ.