ಒಂದು ಪಾಕೀಟು ಹಾಲು

ಮಕ್ಕಳು ತಪ್ಪು ಮಾಡಿದಾಗ ನಾವು ತಾಯಂದಿರು ಮೊದಲು ಕೈ ಎತ್ತುತ್ತೇವೆ, ಆಮೇಲೆ ಕಾರಣ ಕೇಳುತ್ತೇವೆ. ನಾನೂ ಅದನ್ನೇ ಮಾಡಿದೆ.

2019ರ ಆಗಸ್ಟ್. ಕೃಷ್ಣೆ ಉಕ್ಕಿ ಜಮಖಂಡಿ ತಾಲ್ಲೂಕಿನ ಎಷ್ಟೋ ಹಳ್ಳಿಗಳಿಗೆ ನೀರು ನುಗ್ಗಿತ್ತು. ಹಿಪ್ಪರಗಿ ಕಡೆಯ ನಾವೂ ಮನೆ ಬಿಟ್ಟು ಪರಿಹಾರ ಕೇಂದ್ರ ಸೇರಿದ್ದೆವು. ಮುಂಜಾನೆ ಮನೆಗೊಂದು ಹಾಲಿನ ಪಾಕೀಟು ಹಂಚುತ್ತಿದ್ದರು. ಒಂದು ದಿನ ನನ್ನ ಎಂಟು ವರ್ಷದ ಮಗ ಎರಡು ತಂದ. ಒಂದು ಕೈಯಲ್ಲಿ, ಇನ್ನೊಂದು ಅಂಗಿಯೊಳಗೆ. ನಾಲ್ಕು ಮಂದಿಯೆದುರು ನಾಚಿಕೆಯಾಗಿ ಕಪಾಳಕ್ಕೆ ಬಾರಿಸಿಬಿಟ್ಟೆ.

"ಯವ್ವಾ, ಮೂಲ್ಯಾಗಿನ ಬಾಣಂತಿ ಅಕ್ಕಗ ಹಾಲ ಸಿಕ್ಕಿಲ್ಲ. ಆಕಿಗೆ ಸಾಲಿನ್ಯಾಗ ನಿಂದ್ರಾಕ ಆಗೂದಿಲ್ಲ" ಎಂದ, ಅಳುತ್ತಾ.

ನಮ್ಮ ಅತ್ತೆ ಇಷ್ಟೇ ಅಂದರು: "ಹೊಡಿಯೂಕಿಂತ ಮೊದಲ ಒಂದ ಮಾತ ಕೇಳಬೇಕಿತ್ತವಾ."

ಹೇಳಿ ಸೋದರಿಯರೇ, ಅದು ಕಳ್ಳತನವೋ, ಕರುಣೆಯೋ?

ಸ್ವಿಟ್ಸರ್‌ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಮಕ್ಕಳಿಗೆ ಇಂಥದೇ ಕಥೆ ಹೇಳಿ ಪರೀಕ್ಷಿಸಿದರು. ಒಬ್ಬ ಹುಡುಗ ಊಟಕ್ಕೆ ಬರುವಾಗ ಬಾಗಿಲು ತಳ್ಳಿದ. ಹಿಂದಿದ್ದ 15 ಕಪ್ಪುಗಳು ಒಡೆದವು. ಇನ್ನೊಬ್ಬ ಅಮ್ಮನಿಲ್ಲದಾಗ ಜಾಮ್ ಕದಿಯಲು ಹೋಗಿ ಒಂದೇ ಕಪ್ಪು ಒಡೆದ. ಯಾರು ಹೆಚ್ಚು ಕೆಟ್ಟವರು? ಚಿಕ್ಕ ಮಕ್ಕಳಲ್ಲಿ ಅನೇಕರು 15 ಒಡೆದವನನ್ನೇ ಬೈದರು. ತುಸು ದೊಡ್ಡವರು ಮನಸ್ಸಿನ ಉದ್ದೇಶ ನೋಡಿದರು. 1932ರಲ್ಲಿ ಅವರು ಇದನ್ನು ಪುಸ್ತಕವಾಗಿ ಪ್ರಕಟಿಸಿದರು. ಒಡೆದ ಕಪ್ಪು ಎಣಿಸುವ ಚಿಕ್ಕ ಮಗುವಿನಂತೆ ಅಂದು ನಾನು ಪಾಕೀಟು ಎಣಿಸಿದ್ದೆ!

ಮುಂದೆ ಅಮೆರಿಕದ ಲಾರೆನ್ಸ್ ಕೋಲ್‌ಬರ್ಗ್ ನೀತಿಯ ಬೆಳವಣಿಗೆಗೆ ಮೆಟ್ಟಿಲುಗಳನ್ನು ಗುರುತಿಸಿದರು. ಆದರೆ ಅವರ ಮೂಲ ಅಧ್ಯಯನ ನಡೆದದ್ದು ಹುಡುಗರ ಮೇಲೆ ಮಾತ್ರ. ಅವರ ಜೊತೆ ಕೆಲಸ ಮಾಡಿದ್ದ ಕ್ಯಾರೊಲ್ ಗಿಲಿಗನ್ 1982ರಲ್ಲಿ ಇದನ್ನು ಪ್ರಶ್ನಿಸಿದರು. ನಿಯಮವೇನು, ಹಕ್ಕೇನು ಎಂಬುದಷ್ಟೇ ನೀತಿಯಲ್ಲ. ಯಾರಿಗೆ ನೋವಾಗುತ್ತದೆ, ಯಾರನ್ನು ನೋಡಿಕೊಳ್ಳಬೇಕು ಎಂಬ ಯೋಚನೆಯೂ ನೀತಿಯೇ ಎಂದರು. ದಿನಾ ಎಲ್ಲರಿಗೂ ಬಡಿಸಿ, ಉಳಿದದ್ದನ್ನು ತಾನು ಉಣ್ಣುವ ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕೇ?

ನಮ್ಮ ಕಡೆ ಹರಿಯುವ ಈ ಕೃಷ್ಣೆಯೇ ಮುಂದೆ ಕೂಡಲಸಂಗಮದಲ್ಲಿ ಮಲಪ್ರಭೆಯನ್ನು ಕೂಡುತ್ತಾಳೆ. ಆ ನೆಲದ ನಂಟಿನ ಬಸವಣ್ಣನವರು 12ನೇ ಶತಮಾನದಲ್ಲೇ ಧರ್ಮದ ಬೇರನ್ನು ಕರುಣೆಯಲ್ಲಿ ಕಂಡಿದ್ದರು.

ಹಾಗೆಂದು ಮಗ ಮಾಡಿದ್ದೆಲ್ಲ ಸರಿಯೆಂದೂ ಅಲ್ಲ. ಸಾಲಿನ ಕೊನೆಯಲ್ಲಿ ನಿಂತವರಿಗೆ ಒಂದು ಪಾಕೀಟು ಕಡಿಮೆ ಬಿದ್ದರೆ? ಅವರ ಮನೆಯಲ್ಲೂ ಕೂಸು ಇದ್ದರೆ? ಒಬ್ಬರ ಮೇಲಿನ ಕರುಣೆ, ಕಾಣದ ಇನ್ನೊಬ್ಬರ ಪಾಲು ಕಸಿಯಬಾರದು. ಅದಕ್ಕೇ ನಿಯಮ ಬೇಕು. ನಿಯಮ ಯಾರನ್ನಾದರೂ ಮರೆತಾಗ ಕರುಣೆ ಬೇಕು.

ಮಗನ ಕೈ ಹಿಡಿದು ಹಂಚುವವರ ಬಳಿ ಹೋದೆ. ಅವನೇ ನಡೆದದ್ದೆಲ್ಲ ಹೇಳಿದ. ಅವರು ಬಾಣಂತಿಯ ಹೆಸರು ಬರೆದುಕೊಂಡರು. ಮರುದಿನದಿಂದ ಹಾಲು ಆಕೆ ಕುಳಿತಲ್ಲಿಗೇ ಬಂತು. ಕದ್ದು ತಂದಿದ್ದರೆ ಒಂದು ದಿನದ ಹಾಲು ಸಿಗುತ್ತಿತ್ತು. ಬಾಯಿಬಿಟ್ಟು ಕೇಳಿದ್ದಕ್ಕೆ ದಿನಾ ಸಿಕ್ಕಿತು. ಈ ಪಾಠ ಅವನಿಗೆ ನನ್ನ ಏಟಿನಿಂದ ಬಂದದ್ದಲ್ಲ.

ಆದ್ದರಿಂದ ಮಗು ತಪ್ಪಿದಾಗ ಮೊದಲು "ಯಾಕೆ ಮಾಡಿದಿ?" ಎಂದು ಕೇಳಿ. ಆಮೇಲೆ "ಇದರಿಂದ ಯಾರಿಗೆ ಕಡಿಮೆ ಬಿತ್ತು?" ಎಂದು ಕೇಳಿ. ಕೊನೆಗೆ "ಈಗ ಸರಿ ಮಾಡೂದು ಹೆಂಗ?" ಎಂದು ಅವನಿಂದಲೇ ಹೇಳಿಸಿ.

ಇನ್ನೊಂದು ಮಾತು. ಆ ರಾತ್ರಿ ಮಗನಿಗೆ "ನಂದೂ ತಪ್ಪಾತು ಮಗಾ" ಎಂದೆ. ಅವನು ತಿರುಗಿ ನನ್ನ ಸೆರಗು ಹಿಡಿದುಕೊಂಡು ಮಲಗಿದ.